ಮೀನು ಮಲಗಲಿ, ಮನೆಮಂದಿಯೂ ಮಲಗಲಿ

ರಾತ್ರಿ ಎರಡು ಗಂಟೆ. ಅಡುಗೆಮನೆಯ ಲೈಟ್ ಹತ್ತಿಕೊಂಡಿತು. ಎದ್ದು ಹೋಗಿ ನೋಡಿದರೆ ನಮ್ಮತ್ತೆ ಸಿಂಕಿನ ನಲ್ಲಿ ತಿರುಗಿಸಿ ನೋಡುತ್ತಾ ನಿಂತಿದ್ದಾರೆ. ‘ಎಂಥದೇ ಇದು, ಎಲ್ಲೋ ನೀರು ಹೋಗ್ತಾ ಇದೆ ಮಾರಾಯ್ತಿ. ಯಾವ ನಲ್ಲಿ ಬಿಟ್ಟು ಬಂದಿದೀಯ?’ ಬಾತ್‌ರೂಂ ನಲ್ಲಿ, ಬಾಲ್ಕನಿ ನಲ್ಲಿ, ವಾಷಿಂಗ್ ಮೆಷಿನ್ ಪಕ್ಕದ ನಲ್ಲಿ, ಎಲ್ಲ ನೋಡಿ ಆಯಿತು. ಒಂದೂ ಬಿಟ್ಟಿರಲಿಲ್ಲ. ಸದ್ದು ಬರುತ್ತಿದ್ದದ್ದು ಹಾಲ್‌ನಲ್ಲಿದ್ದ ನಾಲ್ಕಡಿ ಫಿಶ್ ಟ್ಯಾಂಕ್‌ನಿಂದ.

ಮಾವ ಹೋದ ಮೇಲೆ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ ಅತ್ತೆ ಬೆಂಗಳೂರಿಗೆ ನಮ್ಮ ಜೊತೆ ಇರಲು ಬಂದಿದ್ದರು. ಅವರಿಗೆ ಕೊಟ್ಟಿದ್ದು ಹಾಲ್‌ಗೆ ಅಂಟಿಕೊಂಡ ರೂಮು. ಬಾವಿಯಿಂದ ಸೇದಿ ಸೇದಿ ನೀರು ಬಳಸಿದ ಜೀವ. ಹರಿಯುವ ನೀರಿನ ಸದ್ದು ಕೇಳಿಕೊಂಡು ಸುಮ್ಮನೆ ಮಲಗಲು ಅವರಿಂದ ಆಗುವುದೇ ಇಲ್ಲ. ಟ್ಯಾಂಕಿನದು ಅಂತ ಗೊತ್ತಾದ ಮೇಲೂ ನಿದ್ದೆಗಣ್ಣಲ್ಲಿ ಎದ್ದು ನಲ್ಲಿ ನೋಡಿ ಬರುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಒಂದು ದಿನ ಕಾಫಿ ಕುಡಿಯುತ್ತಾ, ‘ನನ್ನನ್ನ ಊರಿಗೆ ಕಳಿಸಿಬಿಡೇ’ ಅಂದರು. ಅದನ್ನು ಕೇಳಿಸಿಕೊಂಡ ಮಗ, ‘ಟ್ಯಾಂಕ್ ಮಾರಿಬಿಡ್ತೀನಿ ಬಿಡಮ್ಮ’ ಅಂದ. ಮೂರು ವರ್ಷ ಹುಟ್ಟುಹಬ್ಬದ ದುಡ್ಡು ಕೂಡಿಟ್ಟು ಮಾಡಿಸಿದ ಟ್ಯಾಂಕ್ ಅದು. ಇಬ್ಬರಲ್ಲಿ ಯಾರ ಮುಖ ನೋಡಲಿ ಹೇಳಿ?

ಈಗ ಅತ್ತೆಯೂ ಇದ್ದಾರೆ, ಏಂಜಲ್ ಮೀನುಗಳೂ ಇವೆ. ಆ ನಡುವೆ ನಾವು ಕಲಿತ ಪಾಠ ಪ್ಲಂಬರ್‌ಗೂ ಗೊತ್ತಿರಲಿಲ್ಲ, ಟ್ಯಾಂಕ್ ಮಾಡಿಕೊಟ್ಟ ಅಂಗಡಿಯವರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ದೊಡ್ಡ ಟ್ಯಾಂಕ್ ಇದ್ದರೆ, ಅಥವಾ ಮಕ್ಕಳು ಬೇಕು ಅಂತ ಹಟ ಹಿಡಿದಿದ್ದರೆ, ದುಡ್ಡು ಸುರಿಯುವ ಮೊದಲು ಒಮ್ಮೆ ಓದಿಕೊಳ್ಳಿ.

ಎಲ್ಲರಿಗೂ ಬೇಕಾಗಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಒಂದೂವರೆ ಅಡಿ, ಎರಡಡಿ ಟ್ಯಾಂಕ್‌ಗೆ ಈ ತಲೆನೋವೆಲ್ಲ ಬೇಡ. ಅಂಥ ಟ್ಯಾಂಕ್‌ನಲ್ಲಿ ಸದ್ದು ಮಾಡುವುದು ಸಾಮಾನ್ಯವಾಗಿ ಗಾಳಿ ಬಿಡುವ ಪುಟ್ಟ ಏರ್ ಪಂಪ್. ಅದನ್ನು ಮರದ ಸ್ಟ್ಯಾಂಡಿನ ಮೇಲೆ ಬರಿದೇ ಇಡದೆ ಒಂದು ದಪ್ಪ ಸ್ಪಂಜಿನ ಮೇಲೆ ಇಡಿ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು, ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಪಂಪ್ ಹಾಳಾಗುವುದಿಲ್ಲ. ಹಿಂಬದಿಗೆ ನೇತುಹಾಕುವ ಫಿಲ್ಟರ್ ಜಲಪಾತದ ಹಾಗೆ ಸುರಿಯುತ್ತಿದ್ದರೆ ಟ್ಯಾಂಕಿಗೆ ಎರಡು ಚೊಂಬು ನೀರು ಹಾಕಿ ಮಟ್ಟ ಮೇಲೆ ತನ್ನಿ. ಬೀಳುವ ಎತ್ತರ ಕಡಿಮೆಯಾದರೆ ಸದ್ದೂ ಕಡಿಮೆ. ಅಷ್ಟೇ.

ನಾನು ಹೇಳುತ್ತಿರುವುದು ಮೂರಡಿ, ನಾಲ್ಕಡಿಯ, ಕೆಳಗೆ ‘ಸಂಪ್’ ಇರುವ ಟ್ಯಾಂಕ್ ಬಗ್ಗೆ. ನಮ್ಮ ಮನೆ ಮುಂದಿನ ನೀರಿನ ಸಂಪ್ ಅಲ್ಲ, ಇದು ಸ್ಟ್ಯಾಂಡಿನ ಕಪಾಟಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ಟ್ಯಾಂಕ್ ತುಂಬಿ ಮೂಲೆಯ ಪೆಟ್ಟಿಗೆಯೊಳಗೆ ನೀರು ಉಕ್ಕುತ್ತದೆ, ಅಲ್ಲಿಂದ ಪೈಪಿನಲ್ಲಿ ಕೆಳಗಿಳಿದು ಸಂಪ್‌ಗೆ ಬರುತ್ತದೆ, ಸ್ಪಂಜು, ಸೆರಾಮಿಕ್ ರಿಂಗ್ ಎಲ್ಲ ದಾಟಿ ಶುದ್ಧವಾಗಿ ಪಂಪ್‌ನಿಂದ ಮತ್ತೆ ಮೇಲಕ್ಕೆ ಹೋಗುತ್ತದೆ. ಇದರಿಂದ ಲಾಭ ಬಹಳ. ಫಿಲ್ಟರು, ಹೀಟರು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ನೀರಿನ ಮೇಲೆ ಕಟ್ಟುವ ಎಣ್ಣೆಯಂಥ ಪದರ ತಾನೇ ಉಕ್ಕಿ ಹೋಗುತ್ತದೆ. ನೀರಿನ ಒಟ್ಟು ಪ್ರಮಾಣ ಹೆಚ್ಚಾದ್ದರಿಂದ ಮೀನಿಗೂ ಆರೋಗ್ಯ. ಒಂದೇ ಕಷ್ಟ ಅಂದರೆ ಆ ಇಳಿಯುವ ಪೈಪು.

ಸದ್ದು ನೀರಿನದಲ್ಲ, ಗಾಳಿಯದು

ಇದನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಸಿಂಕ್ ಸಾಕು. ಸಿಂಕಿನ ಬಾಯಿ ಮುಚ್ಚಿ ನೀರು ತುಂಬಿಸಿ, ಆಮೇಲೆ ಮುಚ್ಚಳ ತೆಗೆಯಿರಿ. ಮೊದಲು ಎಷ್ಟು ಸುಮ್ಮನೆ ಇಳಿಯುತ್ತದೆ ನೋಡಿ. ಕೊನೆಗೆ ನೀರು ತೆಳ್ಳಗಾಗಿ ಸುಳಿ ಬಿದ್ದು ಗಾಳಿಯೂ ಒಳಹೋಗಲು ಶುರುವಾದಾಗ ‘ಗೊರ್‍ರ್‍’ ಅಂತ ಸದ್ದು. ನೀರು ಅದೇ, ಪೈಪೂ ಅದೇ. ಸದ್ದು ಬಂದದ್ದು ಗಾಳಿ ಸೇರಿಕೊಂಡ ಮೇಲೆ.

ಟ್ಯಾಂಕ್‌ನಲ್ಲೂ ಆಗುವುದು ಇದೇ. ಒಂದಿಂಚಿನ ಪೈಪು ಕೆಳಕ್ಕೆ ಪೂರ್ತಿ ನೀರು ತುಂಬಿಕೊಂಡು ಹರಿದರೆ ಗಂಟೆಗೆ ಸಾವಿರ ಲೀಟರ್ ಅದಕ್ಕೆ ಲೆಕ್ಕವೇ ಅಲ್ಲ. ನಮ್ಮ ಪಂಪ್ ಕೊಡುವುದು ಅದಕ್ಕಿಂತ ಕಡಿಮೆ. ಹಾಗಾಗಿ ಪೈಪು ಯಾವಾಗಲೂ ಅರೆಹೊಟ್ಟೆ. ಉಳಿದ ಜಾಗಕ್ಕೆ ಗಾಳಿ ಎಳೆದುಕೊಳ್ಳುತ್ತದೆ. ನೀರು, ಗಾಳಿ ಎರಡೂ ಕಿತ್ತಾಡಿಕೊಂಡು ಇಳಿಯುವ ಸದ್ದೇ ಅತ್ತೆಯನ್ನು ಎಬ್ಬಿಸುತ್ತಿದ್ದ ‘ಕೊಳಕ್ ಕೊಳಕ್’. ಕೆಳಗೆ ಸಂಪ್‌ನಲ್ಲಿ ಆ ಗಾಳಿಯೆಲ್ಲ ಗುಳ್ಳೆಯಾಗಿ ಎದ್ದು ಇನ್ನೊಂದು ಸುತ್ತು ಗಲಾಟೆ.

ಅಂದರೆ ದಾರಿ ಇರುವುದು ಎರಡೇ. ಗಾಳಿಗೆ ಬೇರೆ ದಾರಿ ಮಾಡಿಕೊಡಬೇಕು, ಇಲ್ಲವೇ ಪೈಪಿನೊಳಗೆ ಗಾಳಿಯೇ ಹೋಗದಂತೆ ನೋಡಿಕೊಳ್ಳಬೇಕು. ಈ ಎರಡನೆಯದನ್ನು ಅರ್ಧ ತಿಳಿದುಕೊಂಡು ನಮ್ಮ ಮನೆಯವರು ಏನು ಮಾಡಿದರು ಅಂತ ಕೇಳಿ.

ಒಂದು ವಾಲ್ವು, ಒಂದು ಎಲೆ

ಒಂದು ಭಾನುವಾರ ಇವರು ಹಾರ್ಡ್‌ವೇರ್ ಅಂಗಡಿಯಿಂದ ಒಂದು ಬಾಲ್ ವಾಲ್ವ್ ತಂದು ಇಳಿಯುವ ಪೈಪಿಗೆ ಹಾಕಿದರು. ಅದನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಹೋದಂತೆ ಪೈಪು ಪೂರ್ತಿ ತುಂಬಿಕೊಂಡಿತು, ಗಾಳಿ ನಿಂತಿತು, ಸದ್ದೂ ನಿಂತಿತು. ಮನೆಯೆಲ್ಲ ನಿಶ್ಶಬ್ದ! ಇವರ ಮುಖದಲ್ಲಿ ಏನು ಗೆಲುವು ಅಂತೀರಾ. ಅತ್ತೆ ಅವತ್ತು ಬೆಳಗಿನ ಆರರವರೆಗೆ ಮಲಗಿದರು.

ಮೂರನೇ ದಿನ ಒಂದು ಗೃಹಪ್ರವೇಶಕ್ಕೆ ಎಲ್ಲರೂ ಹೋಗಿದ್ದೆವು. ವಾಪಸ್ ಬಂದರೆ ಕೆಳಗಿನ ಮನೆಯವರು ನಮ್ಮ ಬಾಗಿಲ ಮುಂದೆ. ಅವರ ಬೆಡ್‌ರೂಂ ಸೀಲಿಂಗ್‌ನಲ್ಲಿ ನೀರು. ಒಳಗೆ ಬಂದು ನೋಡಿದರೆ ಸೋಫಾ ಕಾಲುಗಳು ನೀರಲ್ಲಿವೆ, ಕಾರ್ಪೆಟ್ ತೊಯ್ದು ತೊಪ್ಪೆ, ಕೆಳಗಿನ ಪಂಪ್ ಮಾತ್ರ ನೀರಿಲ್ಲದೆ ಕಿರ್‍ರ್‍ ಅಂತ ಕಿರುಚುತ್ತಿದೆ. ಕಾರಣ ಟ್ಯಾಂಕಿನ ಗಿಡದ ಒಂದೇ ಒಂದು ಕೊಳೆತ ಎಲೆ. ಅರ್ಧ ಮುಚ್ಚಿದ ವಾಲ್ವಿನ ಸಂದಿಯಲ್ಲಿ ಹೋಗಿ ಕೂತಿತ್ತು. ನೀರು ಇಳಿಯುವ ದಾರಿ ಬಂದ್. ಪಂಪ್‌ಗೆ ಅದೇನು ಗೊತ್ತು ಪಾಪ, ಅದು ತನ್ನ ಪಾಡಿಗೆ ಮೇಲೆ ತಳ್ಳುತ್ತಲೇ ಇತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆವು. ನಮ್ಮದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್, ಸುಮಾರು 255 ಲೀಟರ್. ಅದರಲ್ಲಿ ನೀರು ಒಂದಿಂಚು ಏರಿದರೆ 14 ಲೀಟರ್. ಅವತ್ತು ಸಂಪ್‌ನ ಪಂಪ್ ಕೋಣೆಯಲ್ಲಿ ಇದ್ದದ್ದು 30 ಲೀಟರ್. ಮೇಲಿನ ಅಂಚಿಗೆ ಇದ್ದ ಒಂದಿಂಚಿನ ಜಾಗದಲ್ಲಿ 14 ಲೀಟರ್ ಹಿಡಿಸಿತು. ಮಿಕ್ಕ ಒಂದು ಬಕೆಟ್ ನೀರು ಹಾಲ್‌ಗೆ. ಒಂದೇ ಬಕೆಟ್! ಅಷ್ಟಕ್ಕೇ ಕೆಳಗಿನ ಮನೆಗೆ ಪೇಂಟ್ ಮಾಡಿಸಿಕೊಡಬೇಕಾಯಿತು.

ಹಾಗಾಗಿ ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. ಇಳಿಯುವ ಪೈಪು ಒಂದೇ ಇದ್ದರೆ ಅದಕ್ಕೆ ವಾಲ್ವ್ ಹಾಕಲೇಬಾರದು.

ಒಂದೇ ಪೈಪು ಇದ್ದವರಿಗೆ

ಟ್ಯಾಂಕ್‌ನಲ್ಲಿ ಒಂದೇ ತೂತು ಇದೆ, ಬೇರೆ ಕೊರೆಸುವ ಹಾಗಿಲ್ಲ ಅನ್ನುವವರಿಗೆ ಡರ್ಸೊ ಪೈಪು ಅಂತ ಒಂದು ಉಪಾಯ ಇದೆ. ರಿಚರ್ಡ್ ಡರ್ಸೊ ಎಂಬ ಅಮೆರಿಕದ ಮೀನು ಸಾಕುವ ಹವ್ಯಾಸಿಯ ಹೆಸರು ಅದಕ್ಕೆ. ಉಕ್ಕುವ ಪೆಟ್ಟಿಗೆಯೊಳಗೆ ನಿಂತ ಪೈಪಿನ ತಲೆಗೆ ಒಂದು ‘ಟೀ’ ಹಾಕಿ, ಅದರ ಪಕ್ಕದ ಬಾಯಿಗೆ ಎಲ್ಬೋ ಸಿಕ್ಕಿಸಿ ಕೆಳಮುಖ ಮಾಡುವುದು. ಆಗ ನೀರು ಮೇಲ್ಮೈಯಿಂದ ಸುಳಿ ಹೊಡೆದು ನುಗ್ಗುವುದಿಲ್ಲ, ಕೆಳಗಿನಿಂದ ಸದ್ದಿಲ್ಲದೆ ಒಳಬರುತ್ತದೆ. ಟೀಯ ಮೇಲಿನ ಬಾಯಿಗೆ ಮುಚ್ಚಳ, ಮುಚ್ಚಳಕ್ಕೊಂದು ಪುಟ್ಟ ತೂತು. ಗಾಳಿಗೆ ಆ ತೂತೇ ದಾರಿ.

ನಮ್ಮ ಪ್ಲಂಬರ್‌ಗೆ ಇದನ್ನು ವಿವರಿಸಿದಾಗ ಅವರು ತಟ್ಟನೆ, ‘ಬಾತ್‌ರೂಂ ಲೈನಿಗೆ ಟೆರೇಸ್ ಮೇಲೆ ಏರ್ ಪೈಪ್ ಬಿಡ್ತೀವಲ್ಲಮ್ಮ, ಅದೇ ತಾನೇ?’ ಅಂದರು. ಸರಿಯಾಗಿ ಅದೇ. ತೂತು ತೀರಾ ಸಣ್ಣದಾದರೆ ಪೈಪು ಒಮ್ಮೆ ಎಳೆದು ಒಮ್ಮೆ ಬಿಟ್ಟು, ಟಾಯ್ಲೆಟ್ ಫ್ಲಶ್ ಮಾಡಿದ ಹಾಗೆ ಪದೇ ಪದೇ ಸದ್ದು ಮಾಡುತ್ತದೆ. ಸೂಜಿ ಗಾತ್ರದಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ದೊಡ್ಡದು ಮಾಡುತ್ತಾ ಹೋಗಬೇಕು. ಗೊರಕೆ ನಿಂತಲ್ಲಿಗೆ ನಿಲ್ಲಿಸಿ.

ಹಗಲಿಗೆ ಇದು ಸಾಕು. ಆದರೆ ಗಾಳಿ, ನೀರು ಒಂದೇ ಪೈಪಿನಲ್ಲಿ ಇಳಿಯುವುದು ತಪ್ಪುವುದಿಲ್ಲವಲ್ಲ, ಸಣ್ಣ ಜುಳುಜುಳು ಇದ್ದೇ ಇರುತ್ತದೆ. ನಮ್ಮತ್ತೆ ಕಿವಿಗೆ ಅದೂ ನಲ್ಲಿಯೇ!

ಎರಡು ಪೈಪಿನ ಜಾಣತನ

ಕೊನೆಗೆ ನಮಗೆ ಒಗ್ಗಿದ್ದು ‘ಹರ್ಬಿ’ ಅಂತ ಹವ್ಯಾಸಿಗಳು ಕರೆಯುವ ಎರಡು ಪೈಪಿನ ವಿಧಾನ. ಇದರಲ್ಲಿ ಒಂದು ಪೈಪು ದುಡಿಯುತ್ತದೆ, ಇನ್ನೊಂದು ಕಾವಲು ಕಾಯುತ್ತದೆ. ದುಡಿಯುವ ಪೈಪಿಗೆ ವಾಲ್ವ್ ಇದೆ, ಅದು ನೀರಿನಿಂದ ಪೂರ್ತಿ ತುಂಬಿಕೊಂಡೇ ಇಳಿಯುತ್ತದೆ. ಹಿಂದೆ ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಪೈಪಿನಲ್ಲಿ ಎಳೆದು ಕ್ಯಾನಿಗೆ ಬಿಡುತ್ತಿದ್ದರಲ್ಲ, ಸದ್ದೇ ಇಲ್ಲದೆ ಹರಿಯುತ್ತಿತ್ತು, ನೆನಪಿದೆಯಾ? ಅದೇ ಸೈಫನ್. ಕಾವಲು ಪೈಪಿಗೆ ವಾಲ್ವ್ ಇಲ್ಲ, ಎಂದೂ ಇರಕೂಡದು. ಅದರ ಬಾಯಿ ಮೇಲಕ್ಕೆ ತೆರೆದು ಒಣಗಿ ನಿಂತಿರುತ್ತದೆ. ಎಲೆಯೋ ಬಸವನಹುಳುವೋ ಮೊದಲನೆಯದರಲ್ಲಿ ಸಿಕ್ಕಿಕೊಂಡು ನೀರು ಏರಿದರೆ ಈ ಪೈಪು ಅದನ್ನು ಕೆಳಗಿಳಿಸುತ್ತದೆ.

ಎರಡನೇ ತೂತು ಎಲ್ಲಿಂದ ಬಂತು ಅಂತೀರಾ? ನಮ್ಮ ಟ್ಯಾಂಕಿನ ಮೂಲೆ ಪೆಟ್ಟಿಗೆಯಲ್ಲಿ ಮೊದಲೇ ಎರಡು ತೂತು ಇದ್ದವು. ಒಂದು ನೀರು ಇಳಿಯಲು, ಒಂದು ಪಂಪ್‌ನಿಂದ ನೀರು ಮೇಲೆ ಬರಲು. ಮೇಲೆ ಬರುವ ಪೈಪನ್ನು ಕಿತ್ತು, ಟ್ಯಾಂಕಿನ ಹಿಂಬದಿಯಿಂದ ಅಂಚಿನ ಮೇಲೆ ಹಾಯಿಸಿದೆವು. ಖಾಲಿಯಾದ ತೂತಿಗೆ ಕಾವಲು ಪೈಪು ಬಂತು. ಇಂಥ ಟ್ಯಾಂಕ್ ಇರುವವರು ಗಾಜು ಕೊರೆಸುವ ಮೊದಲು ಇದನ್ನು ಯೋಚಿಸಿ. ಕೊರೆಸಲೇಬೇಕಾದರೆ ಗಾಜು ಟಫನ್ಡ್ ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಪುಡಿಪುಡಿ.

ಅಳತೆಗಳನ್ನು ಹೇಳಿಬಿಡುತ್ತೇನೆ. ನೀರು ಉಕ್ಕುವ ಅಂಚು ಬಾಚಣಿಗೆಯ ಹಾಗೆ ಹಲ್ಲು ಹಲ್ಲಾಗಿರುತ್ತದೆ, ಮೀನು ಒಳಗೆ ಬೀಳದಿರಲಿ ಅಂತ. ಕಾವಲು ಪೈಪಿನ ಬಾಯಿ ಆ ಹಲ್ಲಿನ ಬುಡಕ್ಕಿಂತ ಒಂದಿಂಚು ಕೆಳಗಿರಲಿ. ದುಡಿಯುವ ಪೈಪಿನ ಬಾಯಿ ಅದಕ್ಕಿಂತ ಇನ್ನೂ ಐದಾರು ಇಂಚು ಕೆಳಗೆ. ವಾಲ್ವನ್ನು ಸರಿಯಾಗಿ ತಿರುಗಿಸಿಟ್ಟರೆ ಪೆಟ್ಟಿಗೆಯ ನೀರು ಈ ಎರಡು ಬಾಯಿಗಳ ನಡುವೆ, ಕಾವಲು ಪೈಪಿನ ಬಾಯಿಗೆ ಹತ್ತಿರದಲ್ಲಿ ನಿಲ್ಲುತ್ತದೆ. ಆಗ ದುಡಿಯುವ ಪೈಪಿನ ಬಾಯಿ ಆಳದಲ್ಲಿ ಮುಳುಗಿರುತ್ತದೆ, ಸುಳಿ ಬಿದ್ದು ಗಾಳಿ ಹೋಗುವ ಮಾತೇ ಇಲ್ಲ. ಹಲ್ಲುಗಳಿಂದ ಪೆಟ್ಟಿಗೆಗೆ ಬೀಳುವ ನೀರೂ ಒಂದೂವರೆ ಎರಡಿಂಚು ಬಿದ್ದರೆ ಹೆಚ್ಚು, ಹಾಗಾಗಿ ಆ ಜಲಪಾತದ ಸದ್ದೂ ಇಲ್ಲ.

ಕೆಳಗೆ ಸಂಪ್‌ನಲ್ಲಿ ದುಡಿಯುವ ಪೈಪಿನ ತುದಿ ನೀರಿನಲ್ಲಿ ಒಂದೇ ಇಂಚು ಮುಳುಗಿರಬೇಕು. ಹೆಚ್ಚು ಆಳ ಇಳಿಸಿದರೆ ಪಂಪ್ ಮತ್ತೆ ಶುರುವಾದಾಗ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬರಲು ಒದ್ದಾಡುತ್ತದೆ, ಸೈಫನ್ ಹಿಡಿಯುವುದು ತಡವಾಗುತ್ತದೆ. ಕಾವಲು ಪೈಪಿನ ತುದಿಯನ್ನು ಮಾತ್ರ ನಾವು ಬೇಕಂತಲೇ ನೀರಿಗಿಂತ ಮೇಲೆ ಬಿಟ್ಟಿದ್ದೇವೆ. ಅದರಲ್ಲಿ ನೀರು ಬಂದರೆ ಜೋರು ಸದ್ದು ಮಾಡಲಿ ಅಂತ. ಅದೇ ನಮ್ಮ ಅಲಾರಂ!

ತಿರುಗಿಸುವಾಗ ತಾಳ್ಮೆ

ವಾಲ್ವ್ ಹೊಂದಿಸುವುದು ಒಗ್ಗರಣೆ ಹಾಕಿದ ಹಾಗೆ ಒಂದು ಕ್ಷಣದ ಕೆಲಸವಲ್ಲ. ಹಾಲು ಕಾಯಿಸಿದ ಹಾಗೆ ಎದುರಿಗೇ ನಿಂತಿರಬೇಕು. ಮೊದಲು ಪೂರ್ತಿ ತೆರೆದಿಟ್ಟು ಪಂಪ್ ಹಾಕಿ. ಗೊರಗೊರ ಸದ್ದು ಬರುತ್ತದೆ, ಬರಲಿ. ಈಗ ಸ್ವಲ್ಪವೇ ಸ್ವಲ್ಪ ಮುಚ್ಚಿ, ಐದು ನಿಮಿಷ ಬಿಡಿ. ಪೆಟ್ಟಿಗೆಯ ನೀರು ಎಷ್ಟು ಏರಿತು ನೋಡಿ. ಮತ್ತೆ ಸ್ವಲ್ಪ, ಮತ್ತೆ ಐದು ನಿಮಿಷ. ನೀರು ಏರಿ ಕಾವಲು ಪೈಪಿಗೆ ಇಳಿಯಲು ಶುರುವಾದರೆ ಕೂದಲೆಳೆಯಷ್ಟು ಹಿಂದಕ್ಕೆ ತೆರೆಯಿರಿ. ನಮಗೆ ಮೊದಲ ಸಲ ಒಂದು ಗಂಟೆ ಹಿಡಿಯಿತು, ನಡುವೆ ಅಪ್ಪ ಮಗನಿಗೆ ಜಗಳವೂ ಆಯಿತು.

ಬಾಲ್ ವಾಲ್ವ್ ಇದಕ್ಕೆ ಅಷ್ಟು ಒಳ್ಳೆಯದಲ್ಲ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆದು ಮುಚ್ಚುವಂಥದು, ನಮಗೆ ಬೇಕಾದ ಸೂಕ್ಷ್ಮ ಅದರಲ್ಲಿ ಸಿಗುವುದಿಲ್ಲ. ಗೇಟ್ ವಾಲ್ವ್ ಆದರೆ ಹಲವು ಸುತ್ತು ತಿರುಗುತ್ತದೆ, ಗ್ಯಾಸ್ ಸ್ಟೌವಿನ ಸಿಮ್‌ಗಿಂತ ನಾಜೂಕು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಅಂದರೆ ಹಿತ್ತಾಳೆಯದ್ದನ್ನೇ ಕೈಗಿಡುತ್ತಾರೆ. ಬೇಡ ಅನ್ನಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಸೀಗಡಿ ಬಸವನಹುಳುಗಳಿಗೆ ಅದು ವಿಷ. ಪ್ಲಾಸ್ಟಿಕ್‌ನದೇ ಹುಡುಕಿ ತನ್ನಿ.

ಒಮ್ಮೆ ಹೊಂದಿಸಿದರೆ ಶಾಶ್ವತ ಅಂತಲೂ ಅಲ್ಲ. ಪೆಟ್ಟಿಗೆಯಲ್ಲಿ ನೀರು ಏರಿದಾಗ ಒತ್ತಡ ಸ್ವಲ್ಪ ಹೆಚ್ಚಿ, ಇಳಿಯುವುದೂ ಸ್ವಲ್ಪ ಹೆಚ್ಚಿ ತಾನೇ ಸರಿತೂಗಿಸಿಕೊಳ್ಳುತ್ತದೆ ನಿಜ. ಆದರೆ ಪಂಪ್‌ನೊಳಗೆ ಪಾಚಿ ಕಟ್ಟಿದರೆ, ವಾಲ್ವಿನಲ್ಲಿ ಕಸ ಸೇರಿದರೆ ಲೆಕ್ಕ ತಪ್ಪುತ್ತದೆ. ತಿಂಗಳಿಗೊಮ್ಮೆ ವಾಲ್ವನ್ನು ಪೂರ್ತಿ ತೆರೆದು ಕಸ ಕೊಚ್ಚಿ ಹೋಗಲು ಬಿಟ್ಟು ಮತ್ತೆ ಹಳೇ ಜಾಗಕ್ಕೆ ತರುತ್ತೇವೆ.

ಇಷ್ಟೂ ಬೇಡ, ತಾನೇ ತಾನಾಗಿ ಸರಿಹೋಗುವಂಥದ್ದು ಇಲ್ಲವೇ ಅಂದರೆ ಇದೆ. ‘ಬೀನ್ ಅನಿಮಲ್’ ಅಂತ ವಿಚಿತ್ರ ಹೆಸರಿನ ಮೂರು ಪೈಪಿನ ಏರ್ಪಾಡು. ಒಂದು ಸೈಫನ್, ಒಂದು ಡರ್ಸೊ ತರಹದ ತೆರೆದ ಪೈಪು, ಮೂರನೆಯದು ಒಣ ಕಾವಲು. ಸೈಫನ್‌ಗೆ ಮಿಕ್ಕ ಚೂರುಪಾರು ನೀರನ್ನು ಎರಡನೆಯದು ಗೋಡೆ ಹಿಡಿದು ಸದ್ದಿಲ್ಲದೆ ಇಳಿಸುತ್ತದೆ, ಹಾಗಾಗಿ ವಾಲ್ವ್ ಅಷ್ಟು ಕರಾರುವಾಕ್ಕಾಗಿ ಇರಬೇಕಿಲ್ಲ. ಹೊಸದಾಗಿ ಟ್ಯಾಂಕ್ ಮಾಡಿಸುವವರಾದರೆ ಮೂರು ತೂತು ಬಿಡಿಸಿಕೊಳ್ಳಿ ಅಂತಲೇ ನನ್ನ ಸಲಹೆ. ಆಮೇಲೆ ಕೊರೆಸುವುದಕ್ಕಿಂತ ಮೊದಲೇ ಕೊರೆಸುವುದು ಸುಲಭ.

ಕರೆಂಟ್ ಹೋದರೆ?

ನಮ್ಮೂರಲ್ಲಿ ಇದು ಮೊದಲ ಪ್ರಶ್ನೆ ಆಗಬೇಕು. ಪಂಪ್ ನಿಂತ ತಕ್ಷಣ ಮೇಲಿನ ನೀರು ಉಕ್ಕುವ ಅಂಚಿನ ಮಟ್ಟದವರೆಗೆ ಇಳಿದು ಕೆಳಗೆ ಬರುತ್ತದೆ. ಪೆಟ್ಟಿಗೆಯಲ್ಲಿದ್ದದ್ದು, ಪೈಪಿನಲ್ಲಿದ್ದದ್ದೂ ಬರುತ್ತದೆ. ಇಷ್ಟೂ ಸಂಪ್‌ನಲ್ಲಿ ಹಿಡಿಸಬೇಕು. ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಮೇಲಕ್ಕೆ ನೀರು ತರುವ ಪೈಪಿನ ಬಾಯಿ ಟ್ಯಾಂಕ್‌ನೊಳಗೆ ಎಷ್ಟು ಆಳಕ್ಕೆ ಮುಳುಗಿದೆಯೋ ಅಷ್ಟು ನೀರನ್ನೂ ಅದು ಹಿಂದಕ್ಕೆ ಎಳೆದು ಸುರಿಯುತ್ತದೆ. ನಾಲ್ಕಿಂಚು ಆಳದಲ್ಲಿದ್ದರೆ ನಮ್ಮ ಟ್ಯಾಂಕ್‌ನಲ್ಲಿ 56 ಲೀಟರ್! ಅದಕ್ಕೇ ಆ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಮಾತ್ರ ಕೆಳಗಿಡಿ. ಮೇಲಿಟ್ಟರೆ ನೀರು ಬೀಳುವ ಸದ್ದು, ಕೆಳಗಿಟ್ಟರೆ ಪ್ರವಾಹ.

ಕೆಲವರು ಹಿಂದಕ್ಕೆ ನೀರು ಬಾರದಂತೆ ತಡೆಯುವ ವಾಲ್ವ್ ಹಾಕುತ್ತಾರೆ. ಇನ್ನು ಕೆಲವರು ಪೈಪಿಗೆ ಮೇಲ್ಭಾಗದಲ್ಲಿ ಪುಟ್ಟ ತೂತು ಮಾಡಿ ಗಾಳಿ ಹೋಗುವ ಹಾಗೆ ಮಾಡುತ್ತಾರೆ. ಎರಡೂ ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರಬೇಡಿ. ವಾಲ್ವಿನಲ್ಲಿ ಒಂದು ಕಾಳು ಮರಳು ಕೂತರೆ ಮುಚ್ಚುವುದಿಲ್ಲ, ತೂತಿಗೆ ಪಾಚಿ ಕಟ್ಟಿದರೆ ಗಾಳಿ ಹೋಗುವುದಿಲ್ಲ. ಸಂಪ್‌ನಲ್ಲಿ ಜಾಗ ಖಾಲಿ ಬಿಡುವುದೇ ಖಾತ್ರಿ ದಾರಿ. ನಮ್ಮ ಸಂಪ್ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ, ಸುಮಾರು 130 ಲೀಟರ್. ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ.

ಇದೇ ಕಾರಣಕ್ಕೆ ಗಾಜು ಕೊರೆಯದೆ, ಅಂಚಿಗೆ ನೇತುಹಾಕಿ ‘ಯು’ ಆಕಾರದ ಕೊಳವೆಯಲ್ಲಿ ನೀರು ಎಳೆಯುವ ಪೆಟ್ಟಿಗೆಗಳನ್ನು ನಾನು ಒಪ್ಪುವುದಿಲ್ಲ. ಆ ಕೊಳವೆಯಲ್ಲಿ ಗುಳ್ಳೆ ಸೇರಿ ಎಳೆತ ತಪ್ಪಿತೋ, ಕರೆಂಟ್ ಬಂದ ಮೇಲೆ ಪಂಪ್ ಮೇಲೆ ತಳ್ಳುತ್ತದೆ, ಕೆಳಗೆ ಇಳಿಯುವುದು ಮಾತ್ರ ಶುರುವಾಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಅದು ದಿನಕ್ಕೆ ನಾಲ್ಕು ಸಲ ಜೂಜು.

ಮೀನು ಬಿಡುವ ಮೊದಲು ಎರಡು ಪರೀಕ್ಷೆ ಮಾಡಿ. ಸ್ವಿಚ್ ಆಫ್ ಮಾಡಿ, ನೀರೆಲ್ಲ ಇಳಿದು ನಿಂತ ಮೇಲೆ ಸಂಪ್ ಗಾಜಿನ ಹೊರಬದಿಗೆ ಆ ಮಟ್ಟದಲ್ಲಿ ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆಯಿರಿ. ಆ ಗೆರೆ ಸಂಪ್‌ನ ಅಂಚಿಗಿಂತ ಎರಡಿಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ನೀರು ತೆಗೆಯಿರಿ. ಎರಡನೆಯದು, ಪಂಪ್ ಓಡುತ್ತಿರುವಾಗ ದುಡಿಯುವ ಪೈಪಿನ ವಾಲ್ವನ್ನು ಪೂರ್ತಿ ಮುಚ್ಚಿಬಿಡಿ. ಕಾವಲು ಪೈಪು ಅಷ್ಟೂ ನೀರನ್ನು ಒಂಟಿಯಾಗಿ ಇಳಿಸಬೇಕು, ಮೇಲಿನ ಟ್ಯಾಂಕ್ ಅಂಚು ದಾಟಬಾರದು. ಅರ್ಧ ಗಂಟೆ ಹಾಗೇ ಬಿಟ್ಟು ನೋಡಿ. ಸೋತರೆ ಪಂಪ್ ದೊಡ್ಡದಾಯಿತು ಅಂತ ಅರ್ಥ. ಎರಡೂ ಪೈಪು ಕಟ್ಟಿಕೊಂಡರೇನು ಗತಿ ಅನ್ನುವ ನನ್ನಂಥ ಪುಕ್ಕಲರು ಪಂಪ್ ಕೋಣೆಯನ್ನೇ ಚಿಕ್ಕದು ಮಾಡಿಸಿಕೊಳ್ಳಿ. ಅಲ್ಲಿನ ನೀರೆಲ್ಲ ಮೇಲೆ ಹೋದರೂ ಟ್ಯಾಂಕ್ ಉಕ್ಕುವಂತಿರಬಾರದು. 30 ಲೀಟರ್ ಇದ್ದ ನಮ್ಮದನ್ನು ಗಾಜಿನ ತಡೆ ಸರಿಸಿ 12 ಲೀಟರ್‌ಗೆ ಇಳಿಸಿದೆವು.

ಸಾಮಾನು, ಕೆಲಸ, ಪಂಪು

ಗಾಜಿನ ತೂತಿಗೆ ಕೂರಿಸಲು ಸಿಂಟೆಕ್ಸ್ ಟ್ಯಾಂಕಿಗೆ ಹಾಕುವಂಥ ರಬ್ಬರ್ ವಾಷರ್ ಇರುವ ಟ್ಯಾಂಕ್ ಕನೆಕ್ಟರ್ ನಡೆಯುತ್ತದೆ. ವಾಷರ್ ನೀರಿನ ಕಡೆಗೆ ಬರಲಿ. ಕೈಯಲ್ಲಿ ಬಿಗಿ ಮಾಡಿ ಇನ್ನು ಕಾಲು ಸುತ್ತು, ಅಷ್ಟೇ. ಪ್ಲಂಬರ್ ಪೈಪ್ ರೆಂಚ್ ಹಿಡಿದು ಪೌರುಷ ತೋರಿಸಲು ಹೊರಟರೆ ತಡೆಯಿರಿ, ಅದು ಗಾಜು. ಪೈಪನ್ನು ಅಂಟಿಸದೆ ಒಮ್ಮೆ ಜೋಡಿಸಿ ನೋಡಿ, ಅಳತೆ ಸರಿ ಅನ್ನಿಸಿದ ಮೇಲೆ ಸಾಲ್ವೆಂಟ್ ಹಚ್ಚಿಸಿ. ಪೆಟ್ಟಿಗೆಯೊಳಗಿನ ನಿಂತ ಪೈಪುಗಳಿಗೆ ಮಾತ್ರ ಅಂಟು ಬೇಡ, ಒತ್ತಿ ಕೂರಿಸಿದರೆ ಸಾಕು; ತೊಳೆಯಲು ಕಿತ್ತು ತೆಗೆಯಬಹುದು. ಕೆಳಗಿಳಿಯುವ ದಾರಿಯಲ್ಲಿ ಎಲ್ಬೋ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಉದ್ದಕ್ಕೆ ಮಲಗಿದ ಪೈಪಂತೂ ಬೇಡವೇ ಬೇಡ, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲಾದರೂ ಸಿಲಿಕೋನ್ ಹಚ್ಚುವುದಿದ್ದರೆ ಅಕ್ವೇರಿಯಂಗೆ ಅಂತಲೇ ಕೇಳಿ ತನ್ನಿ. ಬಾತ್‌ರೂಂಗೆ ಅಂತ ಮಾರುವುದರಲ್ಲಿ ಬೂಷ್ಟು ಹಿಡಿಯದ ಮದ್ದು ಬೆರೆಸಿರುತ್ತಾರೆ, ಮೀನಿಗೆ ಆಗದು.

ಪೈಪು ಸುಮ್ಮನಾದ ಮೇಲೆ ಪಂಪ್‌ನ ಗುಂಯ್ ಕೇಳಿಸಲು ಶುರುವಾಗುತ್ತದೆ. ಅದುವರೆಗೆ ಅದು ಇತ್ತು ಅಂತಲೇ ಗೊತ್ತಿರುವುದಿಲ್ಲ! ಪಂಪ್ ಸಂಪ್‌ನ ಗಾಜಿಗೆ ತಾಗದಂತೆ ದಪ್ಪ ಸ್ಪಂಜಿನ ಮೇಲೆ ಇಡಿ. ಅದಕ್ಕೆ ನೇರ ಪಿವಿಸಿ ಜೋಡಿಸದೆ ನಡುವೆ ಒಂದು ಗೇಣು ಮೆತ್ತನೆಯ ಟ್ಯೂಬ್ ಹಾಕಿದರೆ ನಡುಕ ಪೈಪಿಗೆ ಹತ್ತುವುದಿಲ್ಲ. ತೀರಾ ದೊಡ್ಡ ಪಂಪ್ ಕೊಳ್ಳಬೇಡಿ. ಟ್ಯಾಂಕ್‌ನ ನೀರು ಗಂಟೆಗೆ ನಾಲ್ಕು ಸುತ್ತು ಬಂದರೆ ಧಾರಾಳ, ನಮಗೆ ಗಂಟೆಗೆ ಸಾವಿರ ಲೀಟರ್ ಮೇಲೆ ತಲುಪಿದರೆ ಸಾಕು. ಡಬ್ಬಿಯ ಮೇಲೆ ಬರೆದಿರುವುದು ಎತ್ತರವಿಲ್ಲದಾಗಿನ ಲೆಕ್ಕ, ಮೂರು ನಾಲ್ಕಡಿ ಮೇಲೆ ತಳ್ಳುವಾಗ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ಪಂಪ್ ಹೆಚ್ಚು ಗುಂಯ್ ಅಂದರೆ ಅದು ಇನ್ವರ್ಟರ್ ದೋಷ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಆ ತೊಂದರೆ ಇರುವುದಿಲ್ಲ.

ವೈರ್‌ಗಳ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಪಂಪ್‌ನ ವೈರ್ ಪ್ಲಗ್‌ಗೆ ಹೋಗುವ ಮೊದಲು ಕೆಳಕ್ಕೆ ಜೋತು ಬಿದ್ದು ಮೇಲಕ್ಕೆ ಏರಬೇಕು, ಆಗ ವೈರ್ ಹಿಡಿದು ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಸೇರುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ಸಂಪ್ ಪಕ್ಕ ನೆಲದ ಮೇಲೆ ಇಡಲೇಬೇಡಿ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್. ಮನೆಗೆ ಇಎಲ್‌ಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ, ಟ್ಯಾಂಕ್ ಇರಲಿ ಬಿಡಲಿ.

ಅತ್ತೆಯ ಚೊಂಬು

ಎಲ್ಲ ಹೊಂದಿಸಿದ ರಾತ್ರಿ ನಾವು ಮೂವರೂ ಹಾಲ್‌ನಲ್ಲಿ ಕಿವಿಗೊಟ್ಟು ಕೂತಿದ್ದೆವು. ಫ್ಯಾನ್ ಸದ್ದು ಬಿಟ್ಟರೆ ಏನೂ ಇಲ್ಲ. ಬೆಳಿಗ್ಗೆ ಅತ್ತೆ ಎದ್ದು ಬಂದವರೇ, ‘ಮೀನು ಬದುಕಿವೆಯೇನೋ?’ ಅಂತ ಮೊಮ್ಮಗನನ್ನು ಕೇಳಿದರು. ನೀರೇ ನಿಂತುಹೋಗಿದೆ ಅಂದುಕೊಂಡಿದ್ದರು ಪಾಪ.

ಒಂದು ತಿಂಗಳ ಮೇಲೆ ಮತ್ತೆ ಸದ್ದು ಬಂತು, ಈ ಸಲ ಪಂಪ್‌ನದು, ಸರ್‍ರ್‍ ಅಂತ. ನೀರು ಆವಿಯಾಗುವುದು ಮೇಲಿನ ಟ್ಯಾಂಕ್‌ನಿಂದಾದರೂ ಮಟ್ಟ ಇಳಿಯುವುದು ಕೆಳಗಿನ ಪಂಪ್ ಕೋಣೆಯಲ್ಲಿ. ಅದು ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿತ್ತು. ಕೋಣೆ ಚಿಕ್ಕದು ಮಾಡಿಸಿದ್ದರ ಫಲ ಇದು, ಬೇಸಿಗೆಯಲ್ಲಿ ಒಂದೆರಡು ದಿನಕ್ಕೇ ನೀರು ಇಳಿದುಬಿಡುತ್ತದೆ. ಪಂಪ್ ಓಡುವಾಗ ನೀರು ಎಲ್ಲಿರಬೇಕು ಅಂತ ಅಲ್ಲಿಗೂ ಒಂದು ನೇಲ್ ಪಾಲಿಶ್ ಗೆರೆ ಎಳೆದೆವು. ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಟ್ಟು, ಕ್ಲೋರಿನ್ ತೆಗೆಯುವ ಹನಿ ಹಾಕಿದ ನೀರನ್ನು ಆ ಗೆರೆಯವರೆಗೆ ತುಂಬುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡಿದ್ದಾರೆ. ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬಂದವರೇ ಕಪಾಟಿನ ಬಾಗಿಲು ತೆರೆದು ಬಗ್ಗಿ ನೋಡಿ, ಚೊಂಬಿನಲ್ಲಿ ಅಳೆದು ಹಾಕುತ್ತಾರೆ.

ಹೋದ ವಾರ ರಾತ್ರಿ ಮತ್ತೆ ಎಬ್ಬಿಸಿದರು. ‘ಏಳೇ, ಕಾವಲು ಪೈಪು ಕೂಗ್ತಾ ಇದೆ.’ ಹೋಗಿ ನೋಡಿದರೆ ನಿಜ, ದುಡಿಯುವ ಪೈಪಿನ ಬಾಯಿಗೆ ಬಸವನಹುಳು ಅಂಟಿಕೊಂಡಿತ್ತು. ನೆಲದ ಮೇಲೆ ಒಂದು ಹನಿ ನೀರಿರಲಿಲ್ಲ.